ಎರಡೂಕಾಲು ಇಂಚು

ಭಾನುವಾರ ಆರೂಕಾಲು. ಗಾಳಿಬೀಡಿನ ಚಹಾದಂಗಡಿಯ ಷಟರು
ಅರ್ಧ ಮಾತ್ರ ಎದ್ದಿದೆ.
ಒಬ್ಬರ ಟಯರನ್ನೊಬ್ಬರು ಹೆಬ್ಬೆರಳಿಂದ ಒತ್ತಿ ನೋಡುತ್ತೇವೆ,
ಬೆಣ್ಣೆಹಣ್ಣು ಮಾಗಿದೆಯೇ ಎಂದು ಸಂತೆಯಲ್ಲಿ ಒತ್ತಿದ ಹಾಗೆ.
'ಗಾಳಿ ಜಾಸ್ತಿಯಾಯ್ತು' ಅನ್ನುತ್ತಾಳೆ ರಝೀನಾ.
ಉಸ್ಸೆಂದು ಸ್ವಲ್ಪ ಬಿಡುತ್ತೇನೆ.
ಗಾಳಿಬೀಡಿಗೆ ಇನ್ನಷ್ಟು ಗಾಳಿ.

ನನ್ನದು ಮೂರು ಕೈ ದಾಟಿ ಬಂದ ಸೈಕಲ್ಲು.
ಮುಂದಿನ ಶಾಕು ಮೈಸೂರಿನದು, ಹಿಂದಿನ ಚಕ್ರ ಕುಶಾಲನಗರದ್ದು,
ಸೀಟು ಯಾರದೋ, ಅದರ ಗುಣ ಕೂತವನಿಗೇ ಗೊತ್ತು.
ಆರು ದಿನ ಡಿಪೋದಲ್ಲಿ ಬಸ್ಸುಗಳಡಿ ಮಲಗಿ
ಬ್ರೇಕು ಬಿಗಿ ಮಾಡುವವನು ನಾನು;
ಏಳನೆಯ ದಿನ ಬ್ರೇಕು ಬಿಡಲೆಂದೇ ಬೆಟ್ಟಕ್ಕೆ ಬರುತ್ತೇನೆ.
ಅಚ್ಚಯ್ಯನವರದು ಹೊಸದು, ಕಾರ್ಬನ್ನು, ಕಿರುಬೆರಳಲ್ಲಿ ಎತ್ತಬಹುದು.
ಪ್ರತಿ ವಾರ ಎತ್ತಿ ತೋರಿಸುತ್ತಾರೆ.
ಜೋಯಪ್ಪನದು ಉಮ್ಮರಾಕ ಎರಡು ಕಡೆ ಬೆಸುಗೆ ಹಾಕಿದ ಕಬ್ಬಿಣ.
ಇಳಿಜಾರಿನಲ್ಲಿ ಎಲ್ಲರಿಗಿಂತ ಮುಂದೆ ಅದೇ.

ಹತ್ತುವುದನ್ನು ಬರೆಯಲಾರೆ.
ಅದು ಉಸಿರು, ಮುಂದಿನವನ ಹಿಮ್ಮಡಿ, ಕಾಲ್ಚೀಲದೊಳಗೆ
ಸದ್ದಿಲ್ಲದೆ ಉಣ್ಣುತ್ತಿರುವ ಜಿಗಣೆ.
ದಾರಿಯ ನಡುವೆ ಆನೆ ಲದ್ದಿ.
ಜೋಯಪ್ಪ ಇಳಿದು ಅಂಗೈ ಇಟ್ಟು ನೋಡುತ್ತಾನೆ,
ಜ್ವರದ ಮಗುವಿನ ಹಣೆ ಮುಟ್ಟಿದಂತೆ.
'ಆರಿದೆ.'
ಅಂದರೆ ಹೋಗಬಹುದು.

ಆಮೇಲೆ ತುದಿ. ಸೀಟು ತಗ್ಗಿಸಿ,
ಒಂದೊಂದೇ ಬೆರಳು ಬ್ರೇಕಿನ ಮೇಲೆ, ಕಣ್ಣು ಹೋಗಬೇಕಾದ ಕಡೆಗೆ
(ಕಲ್ಲು ನೋಡಿದರೆ ಕಲ್ಲಿಗೇ ಹೋಗುತ್ತದೆ ಸೈಕಲ್ಲು;
ಇದನ್ನು ಕಲಿಯಲು ನನಗೊಂದು ಭುಜದ ಮೂಳೆ ಖರ್ಚಾಯಿತು)
ಸಿಲ್ವರ್ ಓಕು, ಮೆಣಸಿನ ಬಳ್ಳಿ, ಬೇರು, ಬೇರು, ತಿರುವು,
ಕಾಫಿ ರೆಕ್ಕೆಗಳು ಎರಡೂ ತೋಳಿಗೆ ಬಡಿದು
ಒಂದು ಮಾರು ನೆಲವೇ ಇಲ್ಲ,
ಆಮೇಲೆ ಇದೆ,
ಹಲ್ಲುಗಳೆಲ್ಲ ಒಮ್ಮೆ ಎಣಿಕೆಗೆ ಸಿಕ್ಕಿ
ಹೊಟ್ಟೆ ಹಿಂದುಳಿದು ನಾನು ಮುಂದೆ.

ಕೆಳಗೆ, ಗುಡ್ಡ ಜಾರಿದ ಜಾಗ.
ಜೀಪು ದಾರಿ ಇದ್ದದ್ದು ಆ ಮಳೆಗಾಲದವರೆಗೆ.
ಈಗ ಹುಲ್ಲು, ಅರಿಸಿನ ಬಣ್ಣದ ಮಣ್ಣು, ಮೇಲಿಂದ ಕೆಳಕ್ಕೆ ನಮ್ಮ ಗೆರೆ.
ಎಲ್ಲೂ ಇಳಿಯದ ಜೋಯಪ್ಪ ಇಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತಾನೆ.
ಯಾಕೆಂದು ನಾವು ಕೇಳಿಲ್ಲ.

ಆ ದಿನ ಅಲ್ಲಿ ದೇವಕ್ಕಿ ಹುಲ್ಲು ಕೊಯ್ಯುತ್ತಿದ್ದರು.
ಬೈಯುತ್ತಾರೆಂದು ಹೆಲ್ಮೆಟ್ಟು ತೆಗೆದು ನಿಂತೆವು.
ಬೈಯಲಿಲ್ಲ. ಕತ್ತಿ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತು
ನನ್ನ ಟಯರಿನ ಗುರುತಿನಲ್ಲಿ ಮೂರು ಬೆರಳು ಇಟ್ಟರು. ಸರಿಯಾಗಿ ಕೂತವು.
ಎರಡೂಕಾಲು ಇಂಚು. ಕಂಪನಿಯವರು ಟಯರಿನ ಮೇಲೇ ಬರೆದಿದ್ದಾರೆ.
'ನೀರಿಗೆ ಇಷ್ಟು ಸಾಕು' ಅಂದರು.
'ಆ ಸಲ ಇಷ್ಟೂ ಇರಲಿಲ್ಲ.
ನೀರಿಗೆ ದಾರಿ ತೋರ್ಸುದು ಬೊತ್ತು ಮಕ್ಕಳೇ.'
ಬೊತ್ತು, ಬೇಡ. ಗಟ್ಟಿಯಾಗಿಯೂ ಹೇಳಲಿಲ್ಲ.
ಜೋಯಪ್ಪ ಸೈಕಲ್ಲಿನ ಆಚೆ ಬದಿಗೆ ಹೋಗಿ
ಬೀಳದ ಚೈನನ್ನು ಸರಿ ಮಾಡುತ್ತಿದ್ದ.

ಮುಂದಿನ ಭಾನುವಾರ ಗುದ್ದಲಿ, ಹಾರೆ, ಎರಡು ಸಿಮೆಂಟು ಚೀಲ ತುಂಬ ಕಲ್ಲು.
ಗೆರೆಗೆ ಅಡ್ಡವಾಗಿ, ತುಸು ಓರೆಯಾಗಿ, ಏಳು ಕಟ್ಟು:
ಬಂದ ನೀರು ಪಕ್ಕದ ಹುಲ್ಲಿಗೆ ಹೊರಳಿ ಹೋಗಲಿ ಎಂದು.
ನಾಲ್ಕನೆಯದು ರಝೀನಾ ಇಟ್ಟದ್ದು, ನೇರ ಇದೆ ಎಂದು
ದೇವಕ್ಕಿ ಕಾಲಲ್ಲೇ ಒದ್ದು ತಿರುಗಿಸಿದರು.
ಅಚ್ಚಯ್ಯನವರ ಕಿರುಬೆರಳಿಗೆ ಆ ಕಲ್ಲುಗಳು ಏಳಲಿಲ್ಲ.
ಮಧ್ಯಾಹ್ನ ಅವರೇ ಕಡುಬು ತಂದರು,
ಅಂಗೈಯ ಬೊಬ್ಬೆ ಒಡೆದು ಖಾರಕ್ಕೆ ಉರಿಯಿತು.

ಜೂನ್ ಬಂತು. ಟ್ರೇಲು ಮುಚ್ಚಿದ್ದೇವೆ, ಸೈಕಲ್ಲಿಗೆ ಎಣ್ಣೆ ಸವರಿ
ಗೋಡೆಗೆ ನೇತುಹಾಕಿದ್ದೇನೆ.
ಡಿಪೋದ ತಗಡಿನ ಮೇಲೆ ಮಳೆ. ಬಸ್ಸಿನಡಿ ಮಲಗಿ
ಒಂದು, ಎರಡು, ಏಳರವರೆಗೆ ಎಣಿಸುತ್ತೇನೆ, ಸ್ಪ್ಯಾನರ್ ಕೈಯಲ್ಲೇ.

ಮೂರನೆಯ ದಿನ ಜೋಯಪ್ಪನ ಫೋನು.
'ಆರು ನಿಂತಿವೆ. ಐದನೆಯದು ಹೋಯ್ತು.'
ಸ್ವಲ್ಪ ಹೊತ್ತು ಆ ಕಡೆಯಿಂದ ಬರೀ ಮಳೆ.
'ಬಿಡುವಾದ್ರೆ ಬಾ.
ಸೈಕಲ್ ತರಬೇಡ.'